ಹೊಸ್ತಿಲು ದಾಟದ ಕೆಂಡಜೋಳ

ಅರುವತ್ತೆರಡು ತೆನೆ ಸುಲಿದದ್ದಾಯಿತು, ಬೀಜಕ್ಕೆ ಇಡುವಂಥ ಒಂದೂ ಸಿಗಲಿಲ್ಲ.

ಕೋಡಿಂಬಾಳದ ಆ ಮನೆಯಂಗಳದಲ್ಲಿ ಮಳೆ ಬಿಡದ ಸೋಣ ತಿಂಗಳಲ್ಲಿ ಬಿಸಿಲು ಅಪರೂಪಕ್ಕೆ ಬಿದ್ದಿತ್ತು. ಎಪ್ಪತ್ತೆಂಟರ ಅಮ್ಮು ಮಣೆ ಹಾಕಿ ಕುಳಿತು ಒಂದೊಂದೇ ತೆನೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವುದು, ಮೂಗು ಮುರಿದು ಬದಿಗೆ ಎಸೆಯುವುದು, ಹೀಗೆ ಬೆಳಗಿನಿಂದ ನಡೆದಿತ್ತು. ಎಸೆದ ತೆನೆಗಳನ್ನು ಸೊಸೆ ಸುಪ್ರಿತಾ ಮತ್ತೆ ಎತ್ತಿ ನೋಡುತ್ತಿದ್ದಳು. ಒಂದರಲ್ಲಿ ಕಾಳು ಅರ್ಧಕ್ಕೇ ನಿಂತಿತ್ತು. ಇನ್ನೊಂದರಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಸಂದು. ಕೆಲವು ಬೆರಳುದ್ದ ಬಂದು ಅಲ್ಲಿಗೇ ಸಾಕು ಮಾಡಿದ್ದವು.

ಆ ಮನೆಯ ಮುಸುಕಿನ ಜೋಳಕ್ಕೆ ಕೆಂಡಜೋಳ ಎಂದು ಹೆಸರು. ಒಲೆಯೊಳಗಿನ ಕೆಂಡದ್ದೇ ಬಣ್ಣ. ಹುರಿದರೆ ಬಿಳಿ ಅರಳು, ಬೀಸಿದರೆ ನಸುಗೆಂಪು ಹಿಟ್ಟು. ಊರಿನವರು ಮನೆಗೆ ದಾರಿ ಹೇಳುವಾಗ ಗಂಡಸರ ಹೆಸರು ಬಿಟ್ಟು ‘ಜೋಳದ ಮನೆ’ ಎಂದೇ ಹೇಳುತ್ತಿದ್ದರು. ಅಮ್ಮುವಿಗೆ ಅದು ಬಿರುದು ಸಿಕ್ಕಿದಷ್ಟು ಸಂತೋಷ. ಪ್ರತಿ ವರ್ಷ ಗಿಡದಲ್ಲಿರುವಾಗಲೇ ಎಲ್ಲಕ್ಕಿಂತ ಚೆಂದದ ಒಂದು ತೆನೆಯನ್ನು ಆರಿಸಿ ಕೆಂಪು ನೂಲು ಕಟ್ಟುವುದು, ಒಣಗಿದ ಮೇಲೆ ಅದನ್ನು ಒಲೆಯ ಹೊಗೆಗೆ ತೂಗಹಾಕುವುದು, ಮರುವರ್ಷ ಮೇ ಕೊನೆಯ ಪತ್ತನಾಜೆಯ ಮಳೆಗೆ ಆ ಒಂದೇ ತೆನೆಯ ಕಾಳನ್ನು ನೆಡುವುದು. ಅಮ್ಮುವಿನ ಅತ್ತೆ ಹಾಗೆ ಮಾಡಿದ್ದಳು, ಅಮ್ಮು ಹಾಗೆಯೇ ಮಾಡಿದಳು. ಎರಡನೆಯ ತೆನೆಗೆ ಆ ಮನೆಯಲ್ಲಿ ಮರ್ಯಾದೆಯೇ ಇರಲಿಲ್ಲ, ಅದು ನೇರ ಬಾಣಲೆಗೆ.

“ಮಳೆ ಹೆಚ್ಚಾಯ್ತು,” ಎಂದಳು ಅಮ್ಮು.

“ಕಳೆದ ವರ್ಷ ಮಳೆ ಕಡಿಮೆ ಆಯ್ತು ಅಂದ್ರಿ ಮಾಮಿ.”

ಅಮ್ಮು ಇನ್ನೊಂದು ತೆನೆಯನ್ನು ಬದಿಗೆ ಎಸೆದಳು. ಸುಪ್ರಿತಾಳ ಗಂಡ ಉಲ್ಲಾಸ್ ವೆಲ್ಡಿಂಗ್ ಶೆಡ್ಡಿಗೆ ಹೊರಟವನು ಗೇಟಿನ ಹತ್ತಿರ ನಿಂತು, “ಪುತ್ತೂರಿನಿಂದ ಒಂದು ಪ್ಯಾಕೇಟು ಬೀಜ ತರ್ತೇನೆ, ಬಿಡಿ. ಜೋಳವೇ ಅಲ್ವಾ,” ಎಂದ. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಅವನನ್ನು ನೋಡಿದರು. ಅವರಿಬ್ಬರು ಒಂದಾಗುವುದು ಅಪರೂಪವಾದ್ದರಿಂದ ಅವನು ಗಾಬರಿಯಾಗಿ ಸ್ಕೂಟರ್ ಶುರು ಮಾಡಿದ.

ಸುಪ್ರಿತಾ ಗುಂಡ್ಯದವಳು. ಅಪ್ಪನದು ಹೆದ್ದಾರಿ ಬದಿಯ ಚಹಾದಂಗಡಿ. ಅಂಗಡಿಯ ಹಿಂದೆ ಹೊಳೆ, ಮುಂದೆ ಲಾರಿ, ನಡುವೆ ಒಂದು ತುಳಸಿ ನೆಡಲೂ ಮಣ್ಣಿಲ್ಲ. ಮದುವೆಯಾಗಿ ಬಂದ ಮೊದಲ ವರ್ಷ ಅಮ್ಮು ಅವಳ ಅಂಗೈಗೆ ಹತ್ತು ಕಾಳು ಹಾಕಿ, “ಗೇಣಿಗೊಂದು ಹಾಕು,” ಎಂದಿದ್ದಳು. ಐದನೆಯ ದಿನ ಹತ್ತೂ ಮೊಳಕೆ ಎದ್ದು ನಿಂತವು. ತನ್ನ ಕೈಯಿಂದ ಭೂಮಿಯಲ್ಲಿ ಏನೋ ಬಂತಲ್ಲ ಎಂದು ಸುಪ್ರಿತಾ ಆ ದಿನ ಬಚ್ಚಲಿಗೆ ಹೋಗಿ ಅತ್ತಿದ್ದಳು. ಹದಿನೇಳು ವರ್ಷದಿಂದ ಅವಳು ಮುಂಜಾನೆ ಎದ್ದು ಬೇರೆಯವರ ತೋಟದಲ್ಲಿ ಮುನ್ನೂರು ರಬ್ಬರ್ ಮರ ಕೆತ್ತುತ್ತಾಳೆ, ಹಾಲು ಇಳಿಸುತ್ತಾಳೆ, ಆ ಹಾಲು ಹೆಪ್ಪಾದ ಮೇಲೆ ಮೆಷಿನ್ನಿನಲ್ಲಿ ಹಾಳೆ ಹೊಡೆಯುತ್ತಾಳೆ. ಆ ಮರಗಳು ಅವಳವಲ್ಲ. ಹಿತ್ತಿಲಿನ ಈ ನಾಲ್ಕು ಸೆಂಟ್ಸ್ ಜೋಳ ಮಾತ್ರ ತನ್ನದು ಎಂದು ಅವಳಿಗೆ ಅನಿಸುತ್ತಿತ್ತು. ಅದು ತನ್ನ ಕಾಲದಲ್ಲಿ ಹೋಗಬಾರದು, ಹೋಗಲು ಬಿಡುವುದಿಲ್ಲ ಎಂದು ಆ ಹರಕು ತೆನೆಗಳ ರಾಶಿಯ ಮುಂದೆ ಕುಳಿತೇ ತೀರ್ಮಾನಿಸಿದಳು.

ಮರುದಿನ ಹಾಳೆ ಒಣಗಹಾಕಿದವಳೇ ಎರಡು ತೆನೆ ಚೀಲಕ್ಕೆ ಹಾಕಿಕೊಂಡು ಕಡಬದ ದಾರಿಯಲ್ಲಿರುವ ಮುಹ್ಸಿನಾಳ ನರ್ಸರಿಗೆ ಹೋದಳು. ಮುಹ್ಸಿನಾ ಕೃಷಿ ಡಿಪ್ಲೊಮಾ ಓದಿದವಳು. ಕಾಳುಮೆಣಸಿನ ಬಳ್ಳಿಗೆ ರೋಗ ಬಂದರೆ ಸುತ್ತಲಿನವರು ಅವಳ ಹತ್ತಿರವೇ ಓಡುವುದು. ಅವಳು ತೆನೆಯನ್ನು ತಿರುಗಿಸಿ ನೋಡಿ, ಬೀಜ ಹೇಗೆ ಇಡುತ್ತೀರಿ ಎಂದು ಕೇಳಿದಳು. ಸುಪ್ರಿತಾ ಹೆಮ್ಮೆಯಿಂದಲೇ ಹೇಳಿದಳು.

“ನಿಮ್ಮಲ್ಲಿ ಮದುವೆ ಮಾತಾಡುವಾಗ ಮೊದಲು ಎಂತ ಕೇಳುದು?”

“ಬರಿ ಕೇಳುದು, ಗೋತ್ರದ ಹಾಗೆ. ಹುಡುಗ ಹುಡುಗಿ ಒಂದೇ ಬರಿ ಆದ್ರೆ ಅಣ್ಣ ತಂಗಿಯ ಲೆಕ್ಕ. ಸಂಬಂಧ ಅಲ್ಲಿಗೇ ನಿಲ್ತದೆ.”

“ಜೋಳಕ್ಕೆ ಕೇಳಿದ್ದೀರಾ?”

ಸುಪ್ರಿತಾ ಚೀಲದಲ್ಲಿದ್ದ ಇನ್ನೊಂದು ತೆನೆಯನ್ನೂ ಹೊರಗೆ ತೆಗೆದಳು.

“ಒಂದೇ ತೆನೆ ಅಂದ್ರೆ ಒಂದೇ ತಾಯಿ. ಅದರ ಕಾಳೆಲ್ಲ ಒಡಹುಟ್ಟು. ಅವಕ್ಕೆ ಅವೇ ಮದುವೆ. ಮತ್ತೆ ಅದರಲ್ಲಿ ಒಂದೇ ತೆನೆ. ಎಷ್ಟು ವರ್ಷದಿಂದ? ಇಷ್ಟು ದಿನ ಬಂದದ್ದೇ ದೊಡ್ಡದು ಮಾರಾಯ್ತಿ.”

“ಇನ್ನು ಎಂತ ಮಾಡುದು?”

“ಇದೇ ಜೋಳ ಬೇರೆ ಮನೆಯಲ್ಲಿ, ಬೇರೆಯಾಗಿ ಬೆಳೆದದ್ದು ಬೇಕು. ಎರಡನ್ನೂ ಒಂದು ಸಾಲು ಬಿಟ್ಟು ಒಂದು ಸಾಲು ನೆಟ್ರೆ ರಕ್ತ ಹೊಸತಾಗ್ತದೆ. ಪ್ಯಾಕೇಟು ಬೀಜ ಪಕ್ಕದಲ್ಲಿ ಹಾಕ್ಬೇಡಿ, ಹೂವಿನ ಹುಡಿ ಹಾರಿ ಜಾತಿಯೇ ಹೋಗ್ತದೆ. ಇನ್ನು ಎರಡು ಬೆಳೆ, ಅಷ್ಟರಲ್ಲಿ ಸಿಗದಿದ್ರೆ ಇದು ಮುಗೀತು.”

ಬೇರೆ ಮನೆ ಎಂದರೆ ಸುಲಭ ಎಂದುಕೊಂಡಳು ಸುಪ್ರಿತಾ. ಇಷ್ಟು ಹೆಸರಾದ ಜೋಳವನ್ನು ಕೇಳದವರು ಯಾರು? ಕೇಳಿದವರಿಗೆ ಅಮ್ಮು ಇಲ್ಲ ಎಂದದ್ದೂ ಇಲ್ಲ. ಅವಳು ಮೊದಲು ಹೋದದ್ದು ನೆರೆಮನೆಯ ಉದಯಶಂಕರನಲ್ಲಿಗೆ. ಅವನು ನಕ್ಕ.

“ನಿನ್ನ ಮಾಮಿ ಮೂರು ಸಲ ಕೊಟ್ಟಿದ್ದಾರೆ. ಮೂರು ಸಲವೂ ಒಂದು ಮೊಳಕೆ ಬರ್ಲಿಲ್ಲ. ನಮ್ಮ ಮಣ್ಣಿಗೆ ಅದು ಆಗುದಿಲ್ಲ.”

ಅವನ ಮಣ್ಣು ಬೇಲಿಯ ಆಚೆಗಿನ ಮಣ್ಣು. ಕೋಳಿಗಳು ಎರಡು ಕಡೆಯೂ ಕೆದಕುತ್ತಿದ್ದವು. ಸುಪ್ರಿತಾ ಮುಂದಿನ ಮನೆಗೆ ಹೋದಳು, ಅದರ ಮುಂದಿನದಕ್ಕೆ ಹೋದಳು. ಹದಿನೈದು ದಿನದಲ್ಲಿ ಏಳು ಮನೆ ತಿರುಗಿದಳು. ಏಳೂ ಮನೆಯಲ್ಲಿ ಅಮ್ಮು ಕೈಯಾರೆ ಬೀಜ ಕೊಟ್ಟಿದ್ದಳು, ಕುಡಿಯಲು ಮಜ್ಜಿಗೆಯನ್ನೂ ಕೊಟ್ಟಿದ್ದಳು. ಏಳೂ ಮನೆಯಲ್ಲಿ ಒಂದು ಕಾಳೂ ಮೊಳೆತಿರಲಿಲ್ಲ. ಎಲ್ಲರೂ ತಮ್ಮ ಮಣ್ಣನ್ನೇ ಬೈದುಕೊಂಡಿದ್ದರು. ಏಳನೆಯ ಮನೆಯಿಂದ ಹಿಂದೆ ಬಂದ ಸುಪ್ರಿತಾ ನೇರ ಅತ್ತೆಯ ಮುಂದೆ ನಿಂತಳು.

“ಮಾಮಿ, ಕೊಟ್ಟ ಬೀಜಕ್ಕೆ ಎಂತ ಮಾಡ್ತಿದ್ರಿ?”

ಅಮ್ಮು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಬಚ್ಚಲ ಹಂಡೆಯ ಕುದಿನೀರಲ್ಲಿ ಒಂದು ಸಲ ಮುಳುಗಿಸುದು. ಎರಡು ದಿನ ಒಣಗಿಸಿ ಕೊಡುದು. ನೋಡ್ಲಿಕ್ಕೆ ವ್ಯತ್ಯಾಸ ಇಲ್ಲ.”

“ಯಾಕೆ?”

“ಮತ್ತೆಂತ, ಮನೆಗೆ ಬಂದವರಿಗೆ ಇಲ್ಲ ಅಂತ ಹೇಳ್ಬೇಕಾ? ಅದು ಮರ್ಯಾದೆಯಾ? ನನ್ನ ಮಾಮಿಯೂ ಹಾಗೇ ಮಾಡಿದ್ದು. ಎಲ್ಲರ ಹಿತ್ತಿಲಲ್ಲಿ ಆದ್ರೆ ಇದು ನಮ್ಮ ಮನೆಯ ಜೋಳ ಹೇಗಾಗ್ತದೆ?”

ಸುಪ್ರಿತಾಳಿಗೆ ಸಿಟ್ಟು ನೆತ್ತಿಗೇರಿತು. ನಾಚಿಕೆಯೂ ಆಯಿತು. ಏಳು ಮನೆಯ ಮಣ್ಣು ನಿರಪರಾಧಿ, ಅಪರಾಧ ತಮ್ಮ ಬಚ್ಚಲಿನದು. “ನಾವು ಜೋಳಕ್ಕೆ ಒಂದೇ ಬರಿಯೊಳಗೆ ಮದುವೆ ಮಾಡಿಸ್ತಾ ಬಂದೆವು ಮಾಮಿ, ನಲ್ವತ್ತು ಐವತ್ತು ವರ್ಷ. ಬೇರೆ ಬರಿಯದ್ದು ಎಲ್ಲಾದ್ರೂ ಉಳೀಬಹುದಿತ್ತು, ಅದನ್ನು ನೀವೇ ಬೇಯಿಸಿದ್ರಿ,” ಎಂದಳು. ಧ್ವನಿ ಏರಿಸಲಿಲ್ಲ. ಅಮ್ಮು ಎಲೆ ಮಡಚಿ ಬಾಯಿಗಿಡಲು ಹೋದವಳು ಹಾಗೆಯೇ ಕೈಯಲ್ಲಿ ಹಿಡಿದುಕೊಂಡಳು. ಬರಿ ಎಂಬ ಮಾತು ಅವಳಿಗೆ ತಾಗಿತ್ತು. ಮೂವತ್ತು ಮದುವೆ ಕುದುರಿಸಿದವಳು, ಬರಿ ಕೇಳದೆ ಒಂದು ಜಾತಕವನ್ನೂ ಮುಟ್ಟಿದವಳಲ್ಲ.

ಎಲೆಯನ್ನು ತಟ್ಟೆಗೆ ಹಾಕಿ ತಾನಾಗಿಯೇ ಹೇಳಿದಳು. “ಬೇಯಿಸದೆ ಹೋದದ್ದು ಒಂದು ಉಂಟು. ಕದ್ದದ್ದು. ಉಲ್ಲಾಸನನ್ನು ತೊಟ್ಟಿಲಿಗೆ ಹಾಕಿದ ದಿನ. ಮನೆ ತುಂಬ ಜನ. ಗಿಡದಲ್ಲಿ ನೂಲು ಕಟ್ಟಿದ ತೆನೆಯೇ ಇಲ್ಲ. ಮಂಗ ಆದ್ರೆ ನೂಲು ಬಿಟ್ಟು ಹೋಗ್ತಿತ್ತು. ನೂಲಿನ ಸಮೇತ ಹೋದದ್ದು. ಆ ವರ್ಷ ಎರಡನೆಯ ತೆನೆಯನ್ನೇ ಬೀಜಕ್ಕೆ ಇಟ್ಟೆ. ಮೂವತ್ತೆಂಟು ವರ್ಷ ಆ ಕಳ್ಳನಿಗೆ ನಾನು ಶಾಪ ಹಾಕಿದ್ದೇನೆ.”

ಮೂವತ್ತೆಂಟು ವರ್ಷದ ಶಾಪ ಫಲಿಸದಿರಲಿ ಎಂದು ಸುಪ್ರಿತಾ ಆಗಲೇ ಬೇಡಿಕೊಂಡಳು.

ಮುಹ್ಸಿನಾ ನರ್ಸರಿಗೆ ಬಂದವರಿಗೆಲ್ಲ ಕೆಂಡಜೋಳದ ಫೋಟೋ ತೋರಿಸಲು ಒಪ್ಪಿದಳು. ತಿಂಗಳಾಯಿತು. ಒಂದು ಮಧ್ಯಾಹ್ನ ಸುಪ್ರಿತಾ ರಬ್ಬರ್ ಹಾಳೆ ಮಗುಚುತ್ತಿದ್ದಾಗ ಮುಹ್ಸಿನಾಳ ಧ್ವನಿ ಸಂದೇಶ ಬಂತು: ಕೊಲ್ಲಮೊಗ್ರಿನ ಗೋದಾವರಿ ಅಮ್ಮ ಎನ್ನುವವರು ಪ್ರತಿ ವರ್ಷ ಮೆಣಸಿನ ಬಳ್ಳಿ ಕೊಂಡುಹೋಗಲು ಬರುತ್ತಾರೆ, ಫೋಟೋ ನೋಡಿ ಏನೂ ಹೇಳಲಿಲ್ಲ, ಆದರೆ ಬಳ್ಳಿ ತೆಗೆದುಕೊಳ್ಳುವುದನ್ನೇ ಮರೆತು ಹೊರಟುಹೋದರು.

ಬಳ್ಳಿ ಮರೆತು ಹೋದದ್ದೇ ಸುಪ್ರಿತಾಳಿಗೆ ಸಾಕಾಯಿತು. ಮರುದಿನ ಅವಳು ಬೆಳಗ್ಗೆ ಒಂದು ಗಂಟೆ ಮುಂಚೆ ಎದ್ದು ಮರ ಕೆತ್ತಿ ಮುಗಿಸಿದಳು. ಸುಬ್ರಹ್ಮಣ್ಯದಲ್ಲಿ ಬಸ್ಸು ಬದಲಾಯಿಸಿ ಕೊಲ್ಲಮೊಗ್ರಿನಲ್ಲಿ ಇಳಿದು, ಆನೆ ಬಾರದ ಹಾಗೆ ಹಾಕಿದ ತಂತಿಬೇಲಿಯ ಬದಿಯಲ್ಲೇ ನಡೆದು ಮನೆ ಹುಡುಕಿದಳು. ಗೋದಾವರಿ ಅರುವತ್ತೈದು ದಾಟಿದ, ತೆಳ್ಳಗಿನ ಹೆಂಗಸು. ಬೆಲ್ಲ ನೀರು ಕೊಟ್ಟಳು. ಕೋಡಿಂಬಾಳ ಎಂದ ಕೂಡಲೇ ಅವಳ ಮುಖ ಬಾಗಿಲು ಹಾಕಿಕೊಂಡಿತು.

“ನಮ್ಮಲ್ಲಿ ಜೋಳ ಎಲ್ಲ ಇಲ್ಲ. ಹಂದಿ ಬಿಡುದಿಲ್ಲ.”

ಹಿತ್ತಿಲಿನಲ್ಲಿ ಜೋಳದ ಒಣದಂಟಿನ ಕಟ್ಟು ಒರಗಿ ನಿಂತಿತ್ತು. ಅದು ಸುಪ್ರಿತಾಳಿಗೂ ಕಾಣುತ್ತಿತ್ತು, ಅವಳಿಗೆ ಕಾಣುತ್ತಿದೆ ಎಂದು ಗೋದಾವರಿಗೂ ಗೊತ್ತಾಗಿತ್ತು. ಸುಪ್ರಿತಾ ವಾದ ಮಾಡಲಿಲ್ಲ. ಬೆಲ್ಲ ನೀರು ಕುಡಿದು, ಮುಂದಿನ ವಾರ ಬರುತ್ತೇನೆ ಎಂದು ಹೇಳಿ ಎದ್ದಳು.

ಮುಂದಿನ ವಾರವೂ ಹೋದಳು. ಗೋದಾವರಿ ಮತ್ತೆ ಇಲ್ಲ ಎಂದಳು. ಮೂರನೆಯ ಸಲ ಹೋದಾಗ ಸುಪ್ರಿತಾ ಏನನ್ನೂ ಕೇಳಲಿಲ್ಲ. ಚೀಲದಿಂದ ಆ ವರ್ಷದ ಅತಿ ಒಳ್ಳೆಯ ತೆನೆಯನ್ನು ತೆಗೆದು ಜಗಲಿಯ ಮೇಲೆ ಇಟ್ಟಳು.

ಗೋದಾವರಿ ಅದನ್ನು ಎತ್ತಿಕೊಂಡಳು. ಕಾಳಿಲ್ಲದ ಸಂದುಗಳಲ್ಲಿ ಹೆಬ್ಬೆರಳು ಓಡಿಸಿದಳು. ಒಂದು ಸಲ ಅಲ್ಲ, ಎರಡು ಮೂರು ಸಲ. ಆಮೇಲೆ ಅಲ್ಲಿಯೇ ಕುಳಿತಳು.

“ಇದಾ ಅಮ್ಮಕ್ಕನ ಮನೆಯ ಜೋಳ? ಹೀಗಾಯ್ತಾ?”

“ಇನ್ನು ಎರಡು ಬೆಳೆ, ಮತ್ತೆ ಇದೂ ಇಲ್ಲ.”

ಗೋದಾವರಿ ಎದ್ದು ಒಳಗೆ ಹೋದಳು. ಅಡುಗೆಮನೆಯ ಒಲೆಯ ಮೇಲಿನ ಬಿದಿರಿನ ಗಳದಿಂದ ನಾಲ್ಕು ತೆನೆ ಇಳಿಸಿ ತಂದಳು. ಮಸಿ ಒರೆಸಿದಾಗ ಒಳಗಿನ ಕೆಂಪು ಹೊಳೆಯಿತು. ತುದಿಯವರೆಗೂ ಕಾಳು, ಒಂದು ಸಂದಿಲ್ಲ. ಹದಿನೇಳು ವರ್ಷದ ಹಿಂದೆ ತಾನು ನೆಟ್ಟದ್ದು ಇಂಥ ಕಾಳನ್ನೇ ಎಂದು ಸುಪ್ರಿತಾಳಿಗೆ ನೆನಪಾಯಿತು.

ಗೋದಾವರಿಯ ಗಂಡ ಮಹೇಶ್ವರ ಮೂವತ್ತೆಂಟು ವರ್ಷದ ಹಿಂದೆ ಕೋಡಿಂಬಾಳದ ಶಾಲೆಯಲ್ಲಿ ಮಾಸ್ತರನಾಗಿದ್ದ. ಅವರದು ಅಮ್ಮುವಿನ ಮನೆಯ ಕೆಳಗೇ ಬಾಡಿಗೆಯ ಬಿಡಾರ. “ಮೊದಲು ಅಮ್ಮಕ್ಕನಲ್ಲಿ ಕೇಳಿದೆ. ಕೊಟ್ರು. ನೆಟ್ಟೆ. ಎಂಟು ದಿನಕ್ಕೆ ಅಗೆದು ನೋಡಿದ್ರೆ ಕಾಳು ಬೆಂದ ವಾಸನೆ. ನನಗೆ ಅಡುಗೆ ಗೊತ್ತುಂಟು, ಬೆಂದದ್ದು ಯಾವುದು ಹಸಿ ಯಾವುದು ಅಂತ ಗೊತ್ತಾಗುದಿಲ್ವಾ? ಸಿಟ್ಟು ಬಂತು. ತೊಟ್ಟಿಲು ಹಾಕುವ ದಿನ ಪಾಯಸ ಉಂಡು, ಬರುವಾಗ ಕಿತ್ತುಕೊಂಡು ಬಂದೆ. ಸೆರಗಿನೊಳಗೆ. ಉಂಡ ಮನೆಯಿಂದ ಕದ್ದದ್ದು. ಅದರ ಮೇಲೆ ಯಾರ ಮನೆಯಲ್ಲಿ ಉಣ್ಣುವಾಗಲೂ ನನಗೆ ಅದು ನೆನಪಾಗುದು.”

“ಬೀಜ ಹೇಗೆ ಇಡುದು ನೀವು? ಒಂದೇ ತೆನೆಯಾ?”

“ಚೆಂದದ್ದು ಯಾವುದು ಅಂತ ಆರಿಸ್ಲಿಕ್ಕೆ ನನಗೆ ಯಾರು ಹೇಳಿಕೊಟ್ಟಿದ್ದಾರೆ? ಕದ್ದವಳಿಗೆ ಕ್ರಮ ಎಲ್ಲಿಂದ? ಎಲ್ಲ ತೆನೆಯಿಂದ ನಾಲ್ಕು ನಾಲ್ಕು ಕಾಳು ತೆಗೆದಿಡುದು, ಅಷ್ಟೇ.” ತೆನೆಗಳನ್ನು ಸುಪ್ರಿತಾಳ ಚೀಲಕ್ಕೆ ಹಾಕುತ್ತ ಗೋದಾವರಿ ಧ್ವನಿ ತಗ್ಗಿಸಿದಳು. “ತಗೊಂಡು ಹೋಗು. ಅಮ್ಮಕ್ಕನಿಗೆ ಮಾತ್ರ ನನ್ನ ಹೆಸರು ಹೇಳ್ಬೇಡ.”

“ಹೇಳ್ತೇನೆ,” ಎಂದಳು ಸುಪ್ರಿತಾ. “ನಮ್ಮ ಮನೆಯವರು ಮುಚ್ಚಿಟ್ಟು ಮುಚ್ಚಿಟ್ಟೇ ಇದು ಇಲ್ಲಿಗೆ ಬಂದದ್ದು. ಇನ್ನು ನಾನು ಮುಚ್ಚಿಡುದಿಲ್ಲ. ಬೇಡ ಅಂದ್ರೆ ತೆನೆ ವಾಪಸ್ ತಗೊಳ್ಳಿ.”

ಗೋದಾವರಿ ಚೀಲದ ಬಾಯಿ ಕಟ್ಟಿಕೊಟ್ಟಳು.

ಆ ಸಂಜೆ ಸುಪ್ರಿತಾ ಅತ್ತೆಯ ಮುಂದೆ ನಾಲ್ಕು ತೆನೆಯನ್ನೂ ಇಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಮ್ಮು ತೆನೆಯನ್ನು ಮುಟ್ಟಲಿಲ್ಲ. “ಮಾಸ್ತರರ ಹೆಂಡತಿಯಾ? ಆ ದಿನ ನನ್ನ ಕೈಯಿಂದ ಎರಡು ಸಲ ಪಾಯಸ ಹಾಕಿಸಿಕೊಂಡವಳು,” ಎಂದಳು. ಮತ್ತೆ, “ಕಳ್ಳಿಯ ಬೀಜ ನನ್ನ ಮಣ್ಣಿಗೆ ಬೇಡ,” ಎಂದಳು.

“ಮಣ್ಣು ನಿಮ್ಮದು, ನಾನು ಇಲ್ಲ ಅಂತ ಹೇಳುದಿಲ್ಲ. ಉದಯಶಂಕರಣ್ಣನ ಹಿತ್ತಿಲಲ್ಲಿ ಜಾಗ ಕೇಳ್ತೇನೆ. ಅವರ ಮಣ್ಣಿಗೆ ಜೋಳ ಆಗ್ತದಾ ಇಲ್ವಾ ಅಂತ ಅವರಿಗೂ ಗೊತ್ತಾಗ್ಲಿ.”

ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ಮನೆಯ ಬಚ್ಚಲಿನಲ್ಲಿ ಹಂಡೆ ಇದೆಯಲ್ಲ. ಸುಪ್ರಿತಾ ತೆನೆಗಳನ್ನು ತಗಡಿನ ಡಬ್ಬಿಗೆ ಹಾಕಿ, ಮನೆಯ ಬದಿಯ ಹಾಳೆ ಹೊಡೆಯುವ ಶೆಡ್ಡಿನಲ್ಲಿ ಮೆಷಿನ್ನಿನ ಹಿಂದೆ ಅಡಗಿಸಿಟ್ಟಳು.

ಮರುದಿನ ಹಾಲು ಇಳಿಸಿ ಬರುವಾಗ ಹತ್ತು ಗಂಟೆ. ಬಚ್ಚಲಿನ ಮಾಡಿನಿಂದ ಹೊಗೆ ಏಳುತ್ತಿತ್ತು. ಆ ಹೊತ್ತಿಗೆ ಆ ಮನೆಯಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ಸುಪ್ರಿತಾ ಬಕೆಟ್ಟನ್ನು ದಾರಿಯಲ್ಲೇ ಇಟ್ಟು ಶೆಡ್ಡಿಗೆ ಓಡಿದಳು. ಮೆಷಿನ್ನಿನ ಹಿಂದೆ ಡಬ್ಬಿ ಇತ್ತು, ಮುಚ್ಚಳ ತೆಗೆದಿತ್ತು, ಒಳಗೆ ಏನೂ ಇರಲಿಲ್ಲ.

ಅಲ್ಲಿಂದ ಬಚ್ಚಲಿಗೆ ಹೇಗೆ ಬಂದಳೋ ಅವಳಿಗೇ ತಿಳಿಯಲಿಲ್ಲ. ಹಂಡೆಯ ನೀರು ಸದ್ದು ಮಾಡಿ ಕುದಿಯುತ್ತಿತ್ತು. ಅಮ್ಮು ಅದರ ಬದಿಯಲ್ಲಿ ಮಣೆ ಹಾಕಿ ಕುಳಿತಿದ್ದಳು. ಮಡಿಲಲ್ಲಿ ಒಂದು ತಾಮ್ರದ ತಂಬಿಗೆ. ತಂಬಿಗೆಯ ನೀರಿನಲ್ಲಿ ಕೆಂಪು ಕಾಳುಗಳು.

“ಮಾಮಿ, ಎಂತ ಮಾಡಿದ್ರಿ?” ಸುಪ್ರಿತಾ ಒಳಗೆ ನುಗ್ಗಿದಳು.

“ಕೈ ಹಾಕು,” ಎಂದಳು ಅಮ್ಮು.

“ಮಾಮಿ…”

“ಕೈ ಹಾಕಿ ನೋಡು ಅಂತ ಹೇಳಿದ್ದು.”

ಸುಪ್ರಿತಾ ತಂಬಿಗೆಗೆ ಬೆರಳು ಇಳಿಸಿದಳು. ನೀರು ತಣ್ಣಗಿತ್ತು, ಬಾವಿಯಿಂದ ಆಗಷ್ಟೇ ಸೇದಿದಷ್ಟು ತಣ್ಣಗೆ.

ಆಗ ಅವಳಿಗೆ ಅಮ್ಮುವಿನ ಹಿಂದೆ ಒಣ ಬಟ್ಟೆಯ ಮೇಲೆ ಸಾಲಾಗಿ ಮಲಗಿಸಿದ್ದ ನಾಲ್ಕು ತೆನೆಗಳು ಕಂಡವು. ಒಂದು ಕಾಳೂ ಕದಲಿರಲಿಲ್ಲ. ಅವುಗಳ ಪಕ್ಕದಲ್ಲಿ ಬೋಳಾದ ಒಂದು ದಿಂಡು, ಕೆಂಪು ನೂಲು ಕಟ್ಟಿದ್ದು. ಹಿಂದಿನ ವರ್ಷದ ಬೀಜದ ತೆನೆ ಅದು, ನೆಟ್ಟು ಉಳಿದ ಕಾಳಿನೊಂದಿಗೆ ಅಡುಗೆಮನೆಯ ಒಲೆಯ ಮೇಲೆ ತೂಗುತ್ತಿದ್ದದ್ದು. ತಂಬಿಗೆಯಲ್ಲಿದ್ದದ್ದು ಅದರ ಕಾಳು.

“ಬೆಂಕಿ ಹಾಕಿದ್ದು ಬೇಯಿಸ್ಲಿಕ್ಕೇ. ಸುಳ್ಳು ಹೇಳುದಿಲ್ಲ,” ಎಂದಳು ಅಮ್ಮು. “ಮುಳುಗಿಸುವ ಮೊದಲು ಕಾಳಿನ ಸಾಲು ಎಣಿಸಿದೆ. ಹದಿನಾಲ್ಕು. ನನ್ನ ಮಾಮಿ ಕೊಟ್ಟ ತೆನೆ ಹೀಗೇ ಇತ್ತು. ನಾನು ಇಷ್ಟು ಜಾಗ್ರತೆಯಲ್ಲಿ ನೋಡಿಕೊಂಡು ಹಾಳು ಮಾಡಿದೆ, ಅವಳು ಕದ್ದುಕೊಂಡು ಹೋಗಿ ಉಳಿಸಿದ್ದಾಳೆ. ಕೈ ಬರ್ಲಿಲ್ಲ ನನಗೆ. ಇದು ನಮ್ಮ ಹಿತ್ತಿಲಲ್ಲೇ ಆಗ್ಲಿ.”

ಅವಳ ಕಣ್ಣಲ್ಲಿ ನೀರಿತ್ತು. ಹೊಗೆಯದ್ದು ಎಂದು ಅವಳು ಹೇಳಲಿಲ್ಲ, ಸುಪ್ರಿತಾಳೂ ಹಾಗೆ ತಿಳಿಯಲಿಲ್ಲ.

“ಇದು ಯಾರಿಗೆ ಮಾಮಿ, ನೆನೆಹಾಕಿದ್ದು?”

“ಅವಳಿಗೆ. ಅವಳು ಕೇಳಿದ್ದಳಲ್ಲ. ಒಣ ಬೀಜ ಕೊಟ್ರೆ ನಂಬ್ತಾಳಾ? ಯಾಕೆ ನಂಬಬೇಕು? ಮೊಳಕೆ ಬರಿಸಿಯೇ ಕೊಡುದು.”

ನಾಲ್ಕು ದಿನ ಅಮ್ಮು ಆ ಒದ್ದೆ ಬಟ್ಟೆಯ ಗಂಟನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಹೊತ್ತು ಹೊತ್ತಿಗೆ ನೀರು ಚಿಮುಕಿಸಿದಳು, ಬಿಚ್ಚಿ ನೋಡಿದಳು, ಮತ್ತೆ ಕಟ್ಟಿದಳು. ಐವತ್ತೊಂದು ಕಾಳಿನಲ್ಲಿ ಹತ್ತೊಂಬತ್ತು ಮೊಳೆತವು. ಉಳಿದವು ಬಲ ಸಾಲದೆ ಹಾಗೆಯೇ ಉಳಿದವು. ಐದನೆಯ ದಿನ ಉಲ್ಲಾಸ್ ಶೆಡ್ಡಿಗೆ ರಜೆ ಮಾಡಿ, ಯಾರದೋ ಜೀಪು ಕೇಳಿ ತಂದು ಇಬ್ಬರನ್ನೂ ಕೊಲ್ಲಮೊಗ್ರಿಗೆ ಕರೆದುಕೊಂಡು ಹೋದ. ಅಮ್ಮು ಸೀಟಿಗೆ ಒರಗದೆ, ಗಂಟನ್ನು ಎರಡು ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು.

ಗೋದಾವರಿ ಜೀಪಿನ ಸದ್ದಿಗೆ ಹೊರಗೆ ಬಂದವಳು ಅಮ್ಮುವನ್ನು ನೋಡಿ ಬಾಗಿಲ ದಾರಂದದಲ್ಲೇ ನಿಂತಳು. ಅಮ್ಮು ನಿಧಾನಕ್ಕೆ ಮೆಟ್ಟಿಲು ಹತ್ತಿ ಗಂಟನ್ನು ಅವಳ ಕೈಯಲ್ಲಿ ಇಟ್ಟಳು.

ಗೋದಾವರಿ ಬಿಚ್ಚಿದಳು. ಕೆಂಪು ಕಾಳುಗಳ ತುದಿಯಲ್ಲಿ ಬೆಳ್ಳಗಿನ ಮೊಳಕೆ, ಅರ್ಧ ಬೆರಳುದ್ದ. ಅವಳು ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು.

“ಬೇಯಿಸಿಲ್ಲ,” ಎಂದಳು ಅಮ್ಮು.

“ಗೊತ್ತಾಯ್ತು ಅಮ್ಮಕ್ಕ.”

ಬಿಸಿಲು ಏರುತ್ತಿತ್ತು, ಮೊಳಕೆ ಕಾಯುವುದಿಲ್ಲ. ಗೋದಾವರಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹಿತ್ತಿಲಿಗೆ ಹೋಗಿ ಹಾರೆ ತಂದಳು. ಸುಪ್ರಿತಾ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಗುಳಿ ತೋಡಲು ಶುರು ಮಾಡಿದಳು. ಗೋದಾವರಿ ಒಂದೊಂದೇ ಮೊಳಕೆ ಇಡುವಾಗ ಅಮ್ಮು ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಗೇಣು ಹಾಕಿ ಅಳೆದಳು.

“ಇಷ್ಟು ಹತ್ತಿರ ಬೇಡ ಮಾರಾಯ್ತಿ,” ಎಂದಳು ಗೋದಾವರಿಗೆ. “ಇದು ನಮ್ಮ ಮನೆಯ ಜೋಳ. ಇನ್ನು ನಿನ್ನದೂ.”